ಸಿಂಹದ ಬಾಯಿಂದ ಬ್ಲೂಟೂತ್‌ವರೆಗೆ: ಕಿವಿ ಮಷಿನ್‌ನ ಇನ್ನೂರು ವರ್ಷದ ಕಥೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಕೇಳೋಕೆ ಕಷ್ಟ ಆಗುವವರಿಗೆ ಈ ವಾರದ ಮಾತಿನ ಬರಹರೂಪ ಎಂದಿನಂತೆ ಇಲ್ಲಿದೆ.

ಇವತ್ತಿನ ವಿಷಯವನ್ನ ಮನೆಯಿಂದಲೇ ಶುರು ಮಾಡ್ತೀನಿ. ನಾನಿರೋದು ಪುಣೆಯಲ್ಲಿ, ಅಪ್ಪ ಅಮ್ಮ ಇರೋದು ದಾವಣಗೆರೆಯಲ್ಲಿ. ಅಪ್ಪ ಹತ್ತಿ ಮಿಲ್‌ನ ಮಗ್ಗದ ಶೆಡ್‌ನಲ್ಲಿ ದುಡಿದವರು. ಆ ಶೆಡ್‌ನ ಸದ್ದು ಹೇಗಿರುತ್ತೆ ಅಂತ ದಾವಣಗೆರೆ ಹಳಬರಿಗೆ ಹೇಳಬೇಕಾಗಿಲ್ಲ. ಮಿಲ್ ಮುಚ್ಚಿ ಎಷ್ಟೋ ವರ್ಷ ಆಯ್ತು, ಅದರ ಸದ್ದು ಮಾತ್ರ ಅಪ್ಪನ ಕಿವಿಯನ್ನ ಅರ್ಧ ತಿಂದುಕೊಂಡು ಹೋಯ್ತು.

ಪ್ರತಿ ಭಾನುವಾರ ವಿಡಿಯೋ ಕಾಲ್. ಅಪ್ಪ ಎರಡು ನಿಮಿಷ ನಗ್ತಾ ಕೂತಿರ್ತಾರೆ, ಆಮೇಲೆ ಫೋನನ್ನ ಅಮ್ಮನ ಕೈಗೆ ಕೊಟ್ಟು ಎದ್ದು ಹೋಗ್ತಾರೆ. ಎರಡು ವರ್ಷದ ಹಿಂದೆ ಒಳ್ಳೇ ಕಿವಿ ಮಷಿನ್ ಕೊಡಿಸಿದ್ದೆ. ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿನೇ ಆಗಿತ್ತು. ಅದು ಬೀರುವಿನಲ್ಲಿ, ಡಬ್ಬಿಯೊಳಗೆ, ಬೆಚ್ಚಗೆ ಮಲಗಿದೆ. ಕೇಳಿದರೆ ಅಪ್ಪನ ಉತ್ತರ ಒಂದೇ: "ಕೇಳಸ್ತತಿ ಕಣಪ್ಪಾ, ಏನಂದಿ ಅಂತ ತಿಳಿಯಲ್ಲ."

ನಾನು ಇದನ್ನ ಹಟ ಅಂದುಕೊಂಡಿದ್ದೆ. ಈ ಯಂತ್ರದ ಚರಿತ್ರೆ ಓದೋಕೆ ಕೂತ ಮೇಲೆ ಗೊತ್ತಾಯ್ತು, ಅಪ್ಪ ಹೇಳ್ತಿದ್ದದ್ದು ಅಕ್ಷರಶಃ ನಿಜ. ಕಿವಿ ಮಷಿನ್‌ಗೆ ಎರಡು ಚರಿತ್ರೆ ಇದೆ. ಒಂದು, ಯಂತ್ರ ಚಿಕ್ಕದಾಗ್ತಾ ಬಂದ ಚರಿತ್ರೆ. ಇನ್ನೊಂದು, ಮಾತಾಡುವವನ ಬಾಯಿಗೂ ಕೇಳುವವನ ಕಿವಿಗೂ ನಡುವಿನ ದೂರ ಕಡಿಮೆ ಮಾಡಿದ ಚರಿತ್ರೆ. ನಾವೆಲ್ಲ ದುಡ್ಡು ಕೊಡೋದು ಮೊದಲನೆಯದಕ್ಕೆ. ನನ್ನ ಮಟ್ಟಿಗೆ ಕೆಲಸಕ್ಕೆ ಬಂದಿದ್ದು ಎರಡನೆಯದು.

ನಿಜವಾದ ಸಿಂಹಾಸನ

1819. ಪೋರ್ಚುಗಲ್‌ನ ರಾಜ ಆರನೇ ಜೊವಾವೊ. ಆಗ ನಮ್ಮ ಪಕ್ಕದ ಗೋವಾ ಕೂಡ ಇವನ ಸಾಮ್ರಾಜ್ಯದಲ್ಲೇ ಇತ್ತು. ರಾಜನಿಗೆ ಕಿವಿ ಮಂದ. ಲಂಡನ್ನಿನ ಎಫ್. ಸಿ. ರೈನ್ ಅನ್ನುವ ತಯಾರಕ ಇವನಿಗಾಗಿ ಒಂದು ಕುರ್ಚಿ ಮಾಡಿಕೊಟ್ಟ. ಕುರ್ಚಿಯ ಎರಡೂ ತೋಳುಗಳ ತುದಿಯಲ್ಲಿ ಬಾಯಿ ತೆರೆದ ಸಿಂಹದ ಮುಖ. ತೋಳುಗಳ ಒಳಗೆಲ್ಲ ಟೊಳ್ಳು. ರಾಜನ ಹತ್ತಿರ ಮಾತಾಡಬೇಕಾದವನು ಮಂಡಿಯೂರಿ ಕೂತು ಸಿಂಹದ ಬಾಯೊಳಗೆ ಮಾತಾಡಬೇಕು. ಆ ದನಿ ತೋಳಿನ ಮೂಲಕ ಕುರ್ಚಿಯೊಳಗಿನ ಪೆಟ್ಟಿಗೆಗೆ ಹೋಗಿ, ಅಲ್ಲಿಂದ ಕೊಳವೆಯಲ್ಲಿ ರಾಜನ ಕಿವಿಗೆ ಬರ್ತಿತ್ತು.

ಸಿಂಹಾಸನ ಅನ್ನೋ ಪದಕ್ಕೆ ಇದಕ್ಕಿಂತ ಸರಿಯಾದ ವಸ್ತು ಸಿಗಲಿಕ್ಕಿಲ್ಲ!

ಇಲ್ಲಿ ಒಂದು ವಿಷಯ ಗಮನಿಸಿ. ಕೇಳಿಸದವನು ಕೂತ ಜಾಗದಲ್ಲೇ ಇದ್ದಾನೆ. ಹತ್ತಿರ ಬಂದು, ಬಾಗಿ, ಸರಿಯಾದ ಜಾಗಕ್ಕೆ ಬಾಯಿ ಇಟ್ಟು ಮಾತಾಡುವ ಕಷ್ಟ ಎಲ್ಲ ಮಾತಾಡುವವನದ್ದು. ಅವನು ರಾಜ, ಅದಕ್ಕೇ ಜನ ಬಾಗಿದರು. ಈ ಮಾತನ್ನ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಇಲ್ಲಿಗೇ ಬರ್ತೀವಿ.

ರಾಜರಲ್ಲದವರಿಗೆ ಇದ್ದದ್ದು ಕಿವಿಗೆ ಹಿಡಿಯುವ ಕಹಳೆ. ಅಗಲವಾದ ಬಾಯಿ ಹೊರಗೆ, ಸಣ್ಣ ತುದಿ ಕಿವಿಗೆ. ಬೀಥೋವನ್‌ಗೆ ಇಂಥ ಕಹಳೆಗಳನ್ನ ಮಾಡಿಕೊಟ್ಟವನು ಮೆಲ್ಜೆಲ್. ಅವೂ ಸಾಲದಾದಾಗ, 1818ರಿಂದ ಭೇಟಿಗೆ ಬಂದವರು ತಮ್ಮ ಮಾತನ್ನ ಪುಸ್ತಕದಲ್ಲಿ ಬರೆದು ತೋರಿಸ್ತಿದ್ದರು. ನಾವು ಇವತ್ತು ಚಾಟ್ ಅಂತೀವಲ್ಲ, ಹೆಚ್ಚು ಕಮ್ಮಿ ಅದೇ.

ಬಚ್ಚಿಡುವ ಕಲೆ

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಇದು ದೊಡ್ಡ ವ್ಯಾಪಾರವಾಯ್ತು. ಆದರೆ ಕೊಳ್ಳುವವರಿಗೆ ಬೇಕಾಗಿದ್ದು ಚೆನ್ನಾಗಿ ಕೇಳಿಸುವ ಕಹಳೆ ಅಷ್ಟೇ ಅಲ್ಲ, ಬೇರೆಯವರ ಕಣ್ಣಿಗೆ ಬೀಳದ ಕಹಳೆ. ಬೀಸಣಿಗೆಯಲ್ಲಿ, ಟೋಪಿಯೊಳಗೆ, ಕೂದಲಿಗೆ ಹಾಕುವ ಪಟ್ಟಿಯಲ್ಲಿ, ಮೇಜಿನ ಮೇಲಿನ ಹೂದಾನಿಯಲ್ಲಿ ಕೂಡ ಅಡಗಿಸಿಟ್ಟರು. ಮನೆಯಲ್ಲಿ ಸಾವಾಗಿ ಸೂತಕದ ಬಟ್ಟೆ ಹಾಕಿದಾಗ ಅದಕ್ಕೆ ಹೊಂದುವಂತೆ ಕಪ್ಪು ಬಟ್ಟೆ ಹೊದಿಸಿದ ಕಹಳೆಗಳೂ ಇದ್ದವು.

ಬಚ್ಚಿಡದವರೂ ಇದ್ದರು. ಲೇಖಕಿ ಹ್ಯಾರಿಯೆಟ್ ಮಾರ್ಟಿನೋ ಕಹಳೆಯನ್ನ ಎಲ್ಲರ ಎದುರೂ ಹಿಡಿದು ಕೂರ್ತಿದ್ದಳು. 1834ರಲ್ಲಿ ತನ್ನಂತೆ ಕಿವಿ ಕೇಳಿಸದವರಿಗೆ ಒಂದು ಬಹಿರಂಗ ಪತ್ರವನ್ನೂ ಬರೆದಳು. ಆದರೆ ಇಂಥವರು ಕಡಿಮೆ. ಕನ್ನಡಕ ಹಾಕಿದರೆ ಓದಿದವನು ಅಂತಾರೆ, ಕಿವಿ ಮಷಿನ್ ಹಾಕಿದರೆ ಮುದುಕ ಅಂತಾರೆ. ಈ ತಾರತಮ್ಯಕ್ಕೆ ಇನ್ನೂರು ವರ್ಷದ ಬೇರು ಇದೆ.

ಹೆಂಡತಿಗೆ ಕೇಳಿಸದ ಟೆಲಿಫೋನ್

ಮುಂದೆ ಕರೆಂಟ್ ಬಂತು. ಅಲೆಕ್ಸಾಂಡರ್ ಗ್ರಹಾಂ ಬೆಲ್ ನಮಗೆಲ್ಲ ಟೆಲಿಫೋನ್‌ನಿಂದ ಗೊತ್ತು. ಅವನ ವೃತ್ತಿ ಕಿವುಡ ಮಕ್ಕಳಿಗೆ ಪಾಠ ಮಾಡೋದು. ಅವನ ತಾಯಿಗೆ ಕಿವಿ ಸರಿಯಾಗಿ ಕೇಳ್ತಿರಲಿಲ್ಲ. ಹೆಂಡತಿ ಮೇಬಲ್ ಐದು ವರ್ಷದವಳಿದ್ದಾಗ ಜ್ವರ ಬಂದು ಕೇಳುವ ಶಕ್ತಿಯನ್ನೇ ಕಳೆದುಕೊಂಡಿದ್ದಳು. 1876ರಲ್ಲಿ ಟೆಲಿಫೋನ್‌ಗೆ ಪೇಟೆಂಟ್ ಸಿಕ್ತು. ಆ ಫೋನಿನಲ್ಲಿ ಗಂಡನ ದನಿ ಕೇಳುವ ಭಾಗ್ಯ ಮೇಬಲ್‌ಗೆ ಕೊನೆವರೆಗೂ ಸಿಗಲಿಲ್ಲ.

ಬೆಲ್‌ನ ಇನ್ನೊಂದು ಮುಖವನ್ನೂ ಹೇಳಬೇಕು. ಕಿವುಡರು ಸನ್ನೆ ಭಾಷೆ ಬಿಟ್ಟು ಬಾಯಿಂದಲೇ ಮಾತಾಡಬೇಕು ಅನ್ನೋದು ಅವನ ಹಟ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಶಾಲೆಗಳಲ್ಲಿ ಸನ್ನೆ ಭಾಷೆ ಬೇಡ ಅಂತ ತೀರ್ಮಾನ ಮಾಡಿತು. ಅದರಿಂದ ಎಷ್ಟೋ ತಲೆಮಾರಿನ ಕಿವುಡ ಮಕ್ಕಳು ತಮ್ಮ ಭಾಷೆಯನ್ನೇ ಮುಚ್ಚಿಡಬೇಕಾಯ್ತು. ಹಾಗಾಗಿ ಕಿವುಡ ಸಮುದಾಯದ ಬಹಳ ಜನಕ್ಕೆ ಬೆಲ್ ಅಂದರೆ ಇವತ್ತಿಗೂ ಆಗಲ್ಲ. ಇಲ್ಲೂ ಬದಲಾಗಬೇಕಾದವನು ಕೇಳಿಸದವನೇ, ಎದುರಿನವನಲ್ಲ.

ಟೆಲಿಫೋನ್‌ನ ಕಾರ್ಬನ್ ಮೈಕ್ ಇಟ್ಟುಕೊಂಡು ಅಮೆರಿಕದ ಮಿಲರ್ ರೀಸ್ ಹಚಿಸನ್ 1898ರಲ್ಲಿ ಕರೆಂಟಿನಿಂದ ನಡೆಯುವ ಕಿವಿ ಯಂತ್ರ ಮಾಡಿದ. ಅದರ ಸುಧಾರಿತ ರೂಪ ಅಕೌಸ್ಟಿಕಾನ್. ಇಂಗ್ಲೆಂಡಿನ ರಾಣಿ ಅಲೆಕ್ಸಾಂಡ್ರಾ ಕೂಡ ಅದನ್ನ ಬಳಸಿದಳು. ತಮಾಷೆ ಅಂದರೆ, ಕಾರಿನ ಕ್ಲಾಕ್ಸನ್ ಹಾರ್ನ್ ಕಂಡುಹಿಡಿದವನೂ ಇದೇ ಹಚಿಸನ್. ಕಿವಿಗೆ ಮದ್ದು, ಕಿವಿಗೆ ಪೆಟ್ಟು, ಎರಡೂ ಒಬ್ಬನದೇ.

ಮೊದಲ ಚಿಪ್ ಹೋಗಿದ್ದು ಕಿವಿಗೆ

1920ರ ದಶಕದಲ್ಲಿ ವ್ಯಾಕ್ಯೂಮ್ ಟ್ಯೂಬಿನ ಯಂತ್ರಗಳು ಬಂದವು. ಸದ್ದನ್ನ ಚೆನ್ನಾಗಿ ಹೆಚ್ಚಿಸ್ತಿದ್ದವು, ಆದರೆ ಹೊತ್ತುಕೊಂಡು ಓಡಾಡೋದು ಕಷ್ಟ. ಮೈಮೇಲೆ ಕಟ್ಟಿಕೊಳ್ಳುವಂಥವು 1930ರ ದಶಕದಲ್ಲಿ ಬಂದರೂ ಯಂತ್ರ ಒಂದು ಕಡೆ, ಭಾರವಾದ ಬ್ಯಾಟರಿ ಇನ್ನೊಂದು ಕಡೆ.

ಈಗ ನಮ್ಮ ಐಟಿ ಮಂದಿಗೆ ಇಷ್ಟ ಆಗುವ ಭಾಗ. 1947ರ ಡಿಸೆಂಬರ್‌ನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಟ್ರಾನ್ಸಿಸ್ಟರ್ ಅಂದ ತಕ್ಷಣ ನಮ್ಮ ಮನೆ ಹಿರಿಯರಿಗೆ ನೆನಪಾಗೋದು ರೇಡಿಯೋ. ಆದರೆ ಜೇಬಿನ ಟ್ರಾನ್ಸಿಸ್ಟರ್ ರೇಡಿಯೋ ಅಂಗಡಿಗೆ ಬಂದಿದ್ದು 1954ರಲ್ಲಿ. ಅದಕ್ಕೂ ಮೊದಲೇ, 1952ರ ಕೊನೆಯಲ್ಲಿ, ಸೋನೋಟೋನ್ 1010 ಅನ್ನುವ ಕಿವಿ ಮಷಿನ್ ಬಂದಿತ್ತು. ಅದರಲ್ಲಿ ಎರಡು ಟ್ಯೂಬ್, ಒಂದು ಟ್ರಾನ್ಸಿಸ್ಟರ್. ಬೆಲೆ 229.50 ಡಾಲರ್. ಬೆಲ್ ಕಿವುಡರಿಗಾಗಿ ಮಾಡಿದ ಕೆಲಸದ ನೆನಪಿಗೆ ಅಂತ ಕಿವಿ ಮಷಿನ್ ತಯಾರಕರಿಂದ ಟ್ರಾನ್ಸಿಸ್ಟರ್ ಪೇಟೆಂಟಿನ ರಾಯಧನ ತೆಗೆದುಕೊಳ್ಳದಿರಲು ಕಂಪನಿ ತೀರ್ಮಾನಿಸಿತ್ತು.

ಇಂಟಿಗ್ರೇಟೆಡ್ ಸರ್ಕ್ಯೂಟ್, ಅಂದರೆ ಚಿಪ್, ಅದರ ಕಥೆಯೂ ಹೀಗೇ. 1958ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಅದನ್ನ ಮಾಡಿ ತೋರಿಸಿದ ಜ್ಯಾಕ್ ಕಿಲ್ಬಿ, ಅದಕ್ಕೂ ಮೊದಲಿನ ಕೆಲಸದಲ್ಲಿ ಕಿವಿ ಮಷಿನ್‌ನ ಆಂಪ್ಲಿಫೈಯರ್‌ಗಳ ಮೇಲೆ ಕೂತಿದ್ದವನು. ಚಿಪ್ ಮೊದಲು ಹೋಗಿದ್ದು ಸೇನೆಗೆ ಮತ್ತು ಬಾಹ್ಯಾಕಾಶಕ್ಕೆ. ಜನಸಾಮಾನ್ಯರು ಅಂಗಡಿಯಲ್ಲಿ ಕೊಳ್ಳುವ ವಸ್ತುವಿನೊಳಗೆ ಚಿಪ್ ಮೊದಲು ಕೂತಿದ್ದು 1964ರಲ್ಲಿ, ಝೆನಿತ್ ಕಂಪನಿಯ ಕಿವಿ ಮಷಿನ್‌ನಲ್ಲಿ. ಇದೇ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದು ವಿನ್ಯಾಸ ಕೇಂದ್ರ ತೆರೆಯಿತು. ನಮ್ಮಲ್ಲಿ ಎಷ್ಟೋ ಜನರ ಅನ್ನದ ದಾರಿ ಅಲ್ಲಿಂದ ಶುರುವಾಗುತ್ತೆ. ನಾವು ನಂಬಿಕೊಂಡ ಯಂತ್ರಗಳ ಅಜ್ಜ ಒಬ್ಬ ಕಿವಿ ಮಷಿನ್ ಅಂದರೆ ತಪ್ಪಾಗಲ್ಲ.

ಆಮೇಲೆ ಎಲ್ಲ ಬೇಗ ಬೇಗ. ಕನ್ನಡಕದ ಕಡ್ಡಿಯೊಳಗೆ, ಕಿವಿ ಹಿಂದೆ, ಕೊನೆಗೆ ಕಿವಿ ಒಳಗೆ. 1996ರಲ್ಲಿ ಪೂರ್ತಿ ಡಿಜಿಟಲ್ ಮಷಿನ್‌ಗಳು ಮಾರುಕಟ್ಟೆಗೆ ಬಂದವು. ಮೇಜಿನಷ್ಟಿದ್ದದ್ದು ಕಡಲೆಕಾಳಿನಷ್ಟಾಯ್ತು. ಇಷ್ಟಾದರೂ ಅಪ್ಪನಿಗೆ ನಾನು ಹೇಳಿದ್ದು ತಿಳಿಯಲ್ಲ. ಯಾಕೆ?

"ಕೇಳಸ್ತತಿ, ತಿಳಿಯಲ್ಲ"

ಒಳಗಿವಿಯಲ್ಲಿ ಸದ್ದನ್ನ ನರಕ್ಕೆ ದಾಟಿಸುವ ಕೂದಲಿನಂಥ ಕೋಶಗಳು ಹುಟ್ಟಿನಲ್ಲಿ ಒಂದೊಂದು ಕಿವಿಗೆ ಸುಮಾರು 15,000 ಇರುತ್ತವೆ. ಸತ್ತರೆ ಮತ್ತೆ ಹುಟ್ಟಲ್ಲ. ವಯಸ್ಸಿನಿಂದಲೋ ಮಿಲ್ ಸದ್ದಿನಿಂದಲೋ ಹಾಳಾಗುವಾಗ ಸಾಮಾನ್ಯವಾಗಿ ಮೊದಲು ಹೋಗೋದು ತೆಳುವಾದ, ಏರುದನಿಯ ಸದ್ದುಗಳನ್ನ ಹಿಡಿಯುವ ಕೋಶಗಳು.

ಕನ್ನಡದಲ್ಲಿ ಇದರ ಅರ್ಥ ಏನು? ಆ, ಈ, ಓ ಅನ್ನೋ ಸ್ವರಗಳಿಗೆ ದಪ್ಪ ದನಿ, ಅವು ಕೇಳಿಸುತ್ತವೆ. ಕ, ತ, ಹ, ಸ ಇಂಥ ವ್ಯಂಜನಗಳು ಸಣ್ಣಗೆ, ತೆಳ್ಳಗೆ, ಕ್ಷಣಕಾಲ ಬಂದು ಹೋಗುವಂಥವು. ನೀವು "ಕಾಸು" ಅಂತೀರಿ. ಅದು "ತಾಸು" ಇರಬಹುದು, "ಹಾಸು" ಇರಬಹುದು. ಅಪ್ಪನ ಕಿವಿಗೆ ಮೂರೂ ಹೆಚ್ಚು ಕಮ್ಮಿ ಒಂದೇ. ದನಿ ಬಂದಿದೆ, ಪದ ಬಂದಿಲ್ಲ. ಸಂದರ್ಭ ನೋಡಿ ಊಹಿಸಬೇಕು, ಊಹಿಸುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತೆ. ಹತ್ತು ನಿಮಿಷ ಹೀಗೆ ಮಾಡಿದರೆ ಯಾರಿಗಾದರೂ ಸುಸ್ತಾಗುತ್ತೆ. ಎದ್ದು ಹೋಗೋದು ಹಟ ಅಲ್ಲ, ಆಯಾಸ.

ಜೋರಾಗಿ ಕಿರುಚಿದರೆ? ಕಿರುಚಿದಾಗ ದಪ್ಪಗಾಗೋದು ಸ್ವರಗಳೇ. ವ್ಯಂಜನಗಳು ಇದ್ದಲ್ಲೇ ಇರುತ್ತವೆ. ಇನ್ನೊಂದು ತೊಂದರೆ, ಹಾಳಾದ ಕಿವಿಗೆ ಸಣ್ಣ ಸದ್ದು ಕೇಳಿಸಲ್ಲ, ದೊಡ್ಡ ಸದ್ದು ಬೇಗ ಸಹಿಸೋಕಾಗಲ್ಲ. "ಜೋರಾಗಿ ಹೇಳು" ಅಂದವರೇ ಮರುಕ್ಷಣ "ಯಾಕೆ ಕೂಗ್ತಿ" ಅಂತ ಬೈಯೋದು ಇದಕ್ಕೇ.

ಡಿಜಿಟಲ್ ಮಷಿನ್ ಇದನ್ನ ಸುಮಾರು ಮಟ್ಟಿಗೆ ನಿಭಾಯಿಸುತ್ತೆ. ಯಾವ ಸ್ವರಶ್ರೇಣಿ ಎಷ್ಟು ಕಮ್ಮಿ ಇದೆಯೋ ಅಲ್ಲಿ ಅಷ್ಟು ಏರಿಸುತ್ತೆ, ಜೋರು ಸದ್ದನ್ನ ತಡೆಯುತ್ತೆ. ಆದರೆ ಅದು ಕನ್ನಡಕದ ಹಾಗೆ ಹಾಕಿದ ದಿನವೇ ಸರಿಹೋಗಲ್ಲ. ವರ್ಷಗಟ್ಟಲೆ ಮೌನಕ್ಕೆ ಒಗ್ಗಿದ ಮಿದುಳಿಗೆ ಫ್ಯಾನಿನ ಸದ್ದು, ಪಾತ್ರೆ ಸದ್ದು, ತನ್ನದೇ ಹೆಜ್ಜೆ ಸದ್ದು ಎಲ್ಲ ಒಟ್ಟಿಗೆ ನುಗ್ಗುತ್ತೆ. ಒಗ್ಗೋಕೆ ವಾರಗಳು ಬೇಕು, ಒಂದೆರಡು ಸಲ ಹೋಗಿ ಸೆಟ್ಟಿಂಗ್ ಸರಿಮಾಡಿಸಬೇಕು. ನಾನು ಮಷಿನ್ ಕೊಡಿಸಿ ಮೂರನೇ ದಿನ ಪುಣೆ ಬಸ್ ಹತ್ತಿದ್ದೆ. ಮತ್ತೆ ಸೆಟ್ಟಿಂಗ್‌ಗೆ ಕರೆದುಕೊಂಡು ಹೋಗುವವರು ಯಾರು?

ಇನ್ನೊಂದು ಚರಿತ್ರೆ: ದೂರ

ಈಗ ಎರಡನೇ ಕಥೆಗೆ ಬರೋಣ. ಶಬ್ದದ ಒಂದು ಸರಳ ಲೆಕ್ಕ ಇದೆ. ಗೋಡೆಗಳ ಪ್ರತಿಧ್ವನಿ ಬಿಟ್ಟು ನೋಡಿದರೆ, ಮಾತಾಡುವವನ ದೂರ ಅರ್ಧ ಆದಾಗ ಅವನ ದನಿ 6 ಡೆಸಿಬಲ್ ಏರುತ್ತೆ. ಫ್ಯಾನ್, ಟಿವಿ, ರಸ್ತೆ ಸದ್ದು ಇದ್ದಷ್ಟೇ ಇರುತ್ತೆ. ಅಂದರೆ ಮಾತು ಮತ್ತು ಗದ್ದಲದ ನಡುವಿನ ಅಂತರ 6 ಡೆಸಿಬಲ್ ಸುಧಾರಿಸಿತು, ಒಂದು ಪೈಸೆ ಖರ್ಚಿಲ್ಲದೆ. ಎಷ್ಟೇ ದುಬಾರಿ ಮಷಿನ್ ಆದರೂ ದೂರದಿಂದ ಬರುವ ಮಾತನ್ನ ಗದ್ದಲದಿಂದ ಬೇರ್ಪಡಿಸೋಕೆ ಒದ್ದಾಡುತ್ತೆ. ಆರನೇ ಜೊವಾವೊನ ಕುರ್ಚಿ ಗೆದ್ದಿದ್ದು ಇಲ್ಲೇ. ಸಿಂಹದ ಬಾಯಿ ಅಂದರೆ ಮಾತಾಡುವವನ ತುಟಿಯ ಹತ್ತಿರ ಇಟ್ಟ ಮೈಕ್.

ಇದೇ ವಿಚಾರವನ್ನ 1937ರಲ್ಲಿ ಇಂಗ್ಲೆಂಡಿನಲ್ಲಿ ಜೋಸೆಫ್ ಪೊಲಿಯಾಕಾಫ್ ಬೇರೆ ರೀತಿ ಸಾಧಿಸಿ ಪೇಟೆಂಟ್ ಪಡೆದ. ಕೋಣೆಯ ಸುತ್ತ ಒಂದು ತಂತಿಯ ಸುತ್ತು. ಭಾಷಣಕಾರನ ಮೈಕಿನಿಂದ ಬಂದ ಸಂಕೇತ ಆ ತಂತಿಯಲ್ಲಿ ಕಾಂತಕ್ಷೇತ್ರವಾಗಿ ಹರಡುತ್ತೆ. ಕಿವಿ ಮಷಿನ್‌ನೊಳಗಿನ ಟೆಲಿಕಾಯಿಲ್ ಅನ್ನೋ ಪುಟ್ಟ ಸುರುಳಿ ಅದನ್ನ ನೇರ ಹಿಡಿಯುತ್ತೆ. ಸಭಾಂಗಣದ ಕೆಮ್ಮು, ಕುರ್ಚಿ ಸದ್ದು ಯಾವುದೂ ಬರಲ್ಲ. ಬ್ರಿಟನ್ನಿನ ಟಿಕೆಟ್ ಕೌಂಟರ್‌ಗಳಲ್ಲಿ, ಚರ್ಚ್‌ಗಳಲ್ಲಿ ಕಿವಿ ಚಿತ್ರದ ಜೊತೆ 'ಟಿ' ಅಕ್ಷರದ ಫಲಕ ನೋಡಿದ್ದರೆ, ಅದೇ ಇದು. ಆಮೇಲೆ ಶಾಲೆಗಳಿಗೆ ಟೀಚರ್ ಕೊರಳಿಗೆ ಹಾಕುವ ಎಫ್ಎಂ ಮೈಕ್ ಬಂತು. ಈಗ ಬ್ಲೂಟೂತ್‌ನ ಆರಾಕಾಸ್ಟ್ ಬಂದಿದೆ. ವಿಮಾನ ನಿಲ್ದಾಣದ ಘೋಷಣೆಯನ್ನ ಎಷ್ಟು ಜನ ಬೇಕಾದರೂ ತಮ್ಮ ಮಷಿನ್‌ಗೆ ಅಥವಾ ಇಯರ್‌ಬಡ್‌ಗೆ ನೇರ ಪಡೆಯಬಹುದಾದ ವ್ಯವಸ್ಥೆ. ಎಲ್ಲದರ ಒಳಗೂ ಇರೋದು ಅದೇ ಸಿಂಹದ ಬಾಯಿ.

ಕೇಳಿಸಲೇಬೇಕು ಅಂತೇನೂ ಇಲ್ಲ ಅಂದವರೂ ಇದ್ದರು. ಅಮೆರಿಕದ ರಾಬರ್ಟ್ ವೈಟ್‌ಬ್ರೆಕ್ಟ್ ಸ್ವತಃ ಕಿವುಡ, ಭೌತವಿಜ್ಞಾನಿ. 1964ರಲ್ಲಿ, ಅಂದರೆ ಚಿಪ್ ಕಿವಿಗೆ ಹೋದ ಅದೇ ವರ್ಷ, ಟೆಲಿಪ್ರಿಂಟರ್‌ಗಳನ್ನ ಟೆಲಿಫೋನ್ ಲೈನಿಗೆ ಜೋಡಿಸುವ ಸಾಧನ ಮಾಡಿದ. ಟೆಲಿಫೋನ್ ಬಂದು 88 ವರ್ಷದ ಮೇಲೆ ಕಿವುಡರು ಅಕ್ಷರದಲ್ಲಿ ಫೋನ್ ಮಾಡುವಂತಾಯ್ತು. ಇಂಟರ್ನೆಟ್ಟಿನ ಮೂಲ ನಿಯಮಗಳನ್ನ ರೂಪಿಸಿದ ಇಬ್ಬರಲ್ಲಿ ಒಬ್ಬನಾದ ವಿಂಟ್ ಸರ್ಫ್ ಹದಿಹರೆಯದಿಂದ ಕಿವಿ ಮಷಿನ್ ಹಾಕಿದವನು. ಇಮೇಲ್ ಅಂದರೆ ಅವನಿಗೆ ಅಷ್ಟು ಪ್ರೀತಿ ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕಡೆ

ಬ್ರಿಟನ್‌ನಲ್ಲಿ 1948ರಲ್ಲಿ ಸರ್ಕಾರಿ ಆರೋಗ್ಯ ಸೇವೆ ಶುರುವಾದಾಗಲೇ ಮೆಡ್ರೆಸ್ಕೋ ಅನ್ನೋ ಕಿವಿ ಮಷಿನ್ ಉಚಿತವಾಗಿ ಸಿಗೋಕೆ ಶುರುವಾಯ್ತು. ನಮ್ಮಲ್ಲಿ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆ ಬಂದಿದ್ದು 1981ರಲ್ಲಿ. ಬಹಳ ಕಾಲ ಜನಕ್ಕೆ ಸಿಕ್ಕಿದ್ದು ಜೇಬಿನ ಮಷಿನ್, ಅಂಗಿ ಜೇಬಿನಲ್ಲಿ ಡಬ್ಬಿ, ಅಲ್ಲಿಂದ ಕಿವಿಗೆ ವೈರ್. ಮೈಕ್ ಎದೆ ಮೇಲೆ ಇರೋದರಿಂದ ಬಟ್ಟೆ ಉಜ್ಜಿದ ಸದ್ದೆಲ್ಲ ಕಿವಿಗೆ. "ಮಷಿನ್ ಬರೀ ಗದ್ದಲ" ಅನ್ನೋ ಹಳೇ ತಲೆಮಾರಿನ ಅಭಿಪ್ರಾಯಕ್ಕೆ ಇದೂ ಒಂದು ಕಾರಣ ಅಂತ ನನ್ನ ಊಹೆ.

ಹೆಮ್ಮೆ ಪಡುವ ವಿಷಯವೂ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿದ್ಯೆಯ ದೊಡ್ಡ ಕೇಂದ್ರ. ಅಲ್ಲಿ ಓದಿದವರು ದೇಶದ ಮೂಲೆಮೂಲೆಯಲ್ಲಿ ಇದ್ದಾರೆ. ಮುಂಬೈ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ 1983ರಿಂದ ಇದೆ, ಅದರ ಪ್ರಾದೇಶಿಕ ಕೇಂದ್ರಗಳು ಸಿಕಂದರಾಬಾದ್‌ನಲ್ಲಿ, ನೊಯ್ಡಾದಲ್ಲಿ ಇವೆ. ಅಪ್ಪ ಅಮ್ಮ ನಿಮ್ಮ ಹತ್ತಿರ ಬಂದಾಗ ಪರೀಕ್ಷೆ ಮಾಡಿಸೋಕೆ ದೊಡ್ಡ ಶೋರೂಮೇ ಆಗಬೇಕಿಲ್ಲ.

ಇದು ಒಬ್ಬಿಬ್ಬರ ತೊಂದರೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ಪ್ರಕಾರ ಜಗತ್ತಿನಲ್ಲಿ 150 ಕೋಟಿಗೂ ಹೆಚ್ಚು ಜನಕ್ಕೆ ಒಂದಲ್ಲ ಒಂದು ಮಟ್ಟದ ಕಿವಿ ಮಂದ, ಸುಮಾರು 43 ಕೋಟಿ ಜನಕ್ಕೆ ಚಿಕಿತ್ಸೆಯೋ ಸಾಧನವೋ ಬೇಕೇ ಬೇಕು. ಅಮೆರಿಕದಲ್ಲಿ 2022ರಿಂದ ಚೀಟಿ ಇಲ್ಲದೆ ಅಂಗಡಿಯಲ್ಲೇ ಕೊಳ್ಳಬಹುದು. 2024ರಲ್ಲಿ ಏರ್‌ಪಾಡ್ಸ್ ಪ್ರೊಗೇ ಕಿವಿ ಮಷಿನ್ ಆಗಿ ಕೆಲಸ ಮಾಡುವ ತಂತ್ರಾಂಶಕ್ಕೆ ಒಪ್ಪಿಗೆ ಸಿಕ್ತು. ಎಲ್ಲರ ಕಿವಿಯಲ್ಲೂ ಏನಾದರೊಂದು ಇರುವ ಕಾಲದಲ್ಲಿ, ಬಚ್ಚಿಡುವ ಆ ಹಳೇ ನಾಚಿಕೆ ತಾನಾಗೇ ಸಾಯಬಹುದು.

ಬಾಗುವವರು ಯಾರು?

ಈ ಸಲ ಯುಗಾದಿಗೆ ಊರಿಗೆ ಹೋದಾಗ ಮಷಿನ್ ಹೊರಗೆ ತೆಗೆಸಿದೆ. ರಜೆ ಹೆಚ್ಚು ಹಾಕಿ ಎರಡು ಸಲ ಆಡಿಯಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋದೆ. ದಿನಕ್ಕೆ ಒಂದು ಗಂಟೆಯಿಂದ ಶುರು. ಅದಕ್ಕಿಂತ ಮುಖ್ಯವಾಗಿ ನಾವು ಬದಲಾದೆವು. ಅಡುಗೆಮನೆಯಿಂದ ಕೂಗಿ ಮಾತಾಡೋದು ಬಿಟ್ಟೆವು. ಟಿವಿ ಆರಿಸಿ, ಎದುರು ಕೂತು, ಮುಖದ ಮೇಲೆ ಬೆಳಕು ಬೀಳುವ ಹಾಗೆ ನೋಡಿಕೊಂಡು, ಒಬ್ಬರಾದ ಮೇಲೆ ಒಬ್ಬರು ಮಾತಾಡೋದು. ತಿಳಿಯದಿದ್ದರೆ ಅದನ್ನೇ ಕಿರುಚದೆ ಬೇರೆ ಪದದಲ್ಲಿ ಹೇಳೋದು.

ಪುಣೆಯಿಂದ ಮಾಡುವ ಕಾಲ್‌ಗೂ ಇದೇ. ಹಳೇ ಮಾದರಿಯ ಫೋನ್ ಕರೆ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದನ್ನಷ್ಟೇ ಸಾಗಿಸುತ್ತೆ, 'ಸ'ಕಾರದ ಜೀವ ಇರೋದೇ ಅದರ ಆಚೆ. ಇಂಟರ್ನೆಟ್ ಕಾಲ್ ಅದಕ್ಕಿಂತ ವಾಸಿ, ಮುಖವೂ ಕಾಣುತ್ತೆ. ನಾನೀಗ ಲ್ಯಾಪ್‌ಟಾಪ್ ದೂರ ಇಟ್ಟು ಮಾತಾಡಲ್ಲ, ಆಫೀಸ್ ಮೀಟಿಂಗಿನ ಹೆಡ್‌ಸೆಟ್ ಮೈಕನ್ನೇ ಬಾಯಿ ಹತ್ತಿರ ಇಟ್ಟುಕೊಳ್ತೀನಿ. ಕ್ಲೈಂಟ್‌ಗೆ ಕೊಡ್ತಿದ್ದ ಮರ್ಯಾದೆ ಅಪ್ಪನಿಗೆ ಇಷ್ಟು ವರ್ಷ ಕೊಟ್ಟಿರಲಿಲ್ಲ ಅಂತ ಆಗ ಅನ್ನಿಸಿತು.

ಎಲ್ಲ ಸರಿಹೋಯ್ತು ಅಂತ ಹೇಳಲ್ಲ. ಮದುವೆ ಮನೆಗೆ ಅಪ್ಪ ಇನ್ನೂ ಮಷಿನ್ ಹಾಕ್ಕೊಂಡು ಹೋಗಲ್ಲ. ಕೆಲವು ಭಾನುವಾರ ಇನ್ನೂ ಬೇಗ ಎದ್ದು ಹೋಗ್ತಾರೆ. ಆದರೆ ಹೋದ ವಾರ ಮಳೆ, ಟ್ಯಾಂಕ್ ನೀರು, ಪಕ್ಕದ ಮನೆಯವರ ಜಗಳ ಅಂತ ಇಪ್ಪತ್ತು ನಿಮಿಷ ಕೂತರು. ನಡುವೆ ನಾನು ಹಳೇ ಅಭ್ಯಾಸಕ್ಕೆ ದನಿ ಏರಿಸಿದೆ. ಅಪ್ಪ ಕೈ ಎತ್ತಿ ಹೇಳಿದರು: "ಮೆಲ್ಲಕೆ ಮಾತಾಡಪ್ಪಾ, ಕೇಳಸ್ತತಿ."

ಆ ರಾಜನ ಮುಂದೆ ಜನ ಮಂಡಿಯೂರಿದ್ದು ಅವನು ರಾಜ ಅಂತ. ನಮ್ಮ ಮನೆಯಲ್ಲಿ ಕೂತವರಿಗೆ ಕಿರೀಟ ಇಲ್ಲ, ಅಷ್ಟೇ ವ್ಯತ್ಯಾಸ. ಈ ಭಾನುವಾರ ಫೋನ್ ಮಾಡುವಾಗ ಮೈಕ್ ಸ್ವಲ್ಪ ಹತ್ತಿರ ಇಟ್ಟುಕೊಳ್ಳಿ.